ಒಂದು ಉದ್ಧರಣೆ ತೀರ್ಥ

ಗಂಟಲೊಳಗಿನ ಧ್ವನಿಪೆಟ್ಟಿಗೆ ಮಾಡುವ ಮೂರು ಕೆಲಸಗಳಲ್ಲಿ ಮಾತು ಕೊನೆಯದೆಂದು ನನಗೆ ಮೊದಲು ಹೇಳಿದವರು ಹೊಸೂರಿನ ಹೆದ್ದಾರಿಯಂಚಿನ ಆಸ್ಪತ್ರೆಯ ಶಸ್ತ್ರವೈದ್ಯರು. ಅವರು ಬೆಂಗಳೂರಿನಿಂದ ಬಂದು ಹೋಗುತ್ತಿದ್ದರು. ಚಿತ್ರ ಬರೆದು ತೋರಿಸುವ ಅಭ್ಯಾಸ ಅವರಿಗಿರಲಿಲ್ಲ. ತಮ್ಮ ಕತ್ತನ್ನೇ ಎರಡು ಬೆರಳಿನಿಂದ ಹಿಡಿದು ತೋರಿಸಿದರು.

“ಉಸಿರು ಮೊದಲು, ಸ್ವಾಮಿ. ಆಮೇಲೆ ಬಾಗಿಲು. ನಾವು ನುಂಗಿದ್ದು ಶ್ವಾಸನಾಳಕ್ಕೆ ಹೋಗದ ಹಾಗೆ ಇದು ಮುಚ್ಚಿಕೊಳ್ಳುತ್ತೆ. ಮಾತು ಕೊನೆಗೆ. ಬಂದವರೆಲ್ಲ ಮಾತಿನ ವಿಷಯಾನೇ ಕೇಳ್ತಾರೆ. ನನಗೆ ಭಯ ಇರೋದು ಬಾಗಿಲಿಂದು.”

ನಾನೂ ಮಾತಿನ ವಿಷಯವನ್ನೇ ಕೇಳಿದ್ದೆ.

ಕೆಲಮಂಗಲದ ಆಚೆಗಿರುವ ಹಳ್ಳಿಯೊಂದರಲ್ಲಿ ಗೋಪಾಲಸ್ವಾಮಿಯ ಅರ್ಚನೆ ನಮ್ಮ ಮನೆತನದ್ದು. ಮೈಸೂರು ಸೀಮೆಯ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಆಗಮವನ್ನೂ ಓದಿ ಮುಗಿಸಿ ಬಂದಂದಿನಿಂದ ಸ್ವಾಮಿಯ ಕೈಂಕರ್ಯವನ್ನು ಬಿಟ್ಟು ಬೇರೊಂದು ಉದ್ಯೋಗವನ್ನು ನಾನು ಮಾಡಿದವನಲ್ಲ. ಊರಿನವರು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬೇಡಿಕೊಳ್ಳುತ್ತಾರೆ. ಮೂಕಂಡಪಲ್ಲಿಯ ಕಾರ್ಖಾನೆಗಳಿಂದ ಹೊಸ ಬೈಕಿಗೆ ಪೂಜೆ ಮಾಡಿಸಲು ಬರುವವರು ತಮಿಳಿನಲ್ಲಿ ಬೇಡಿಕೊಳ್ಳುತ್ತಾರೆ. ಸಂಕಲ್ಪ ಮಾತ್ರ ಎಲ್ಲರಿಗೂ ಒಂದೇ. ಆ ಸಂಕಲ್ಪವನ್ನು ಹೇಳುವಾಗಲೇ ನನ್ನ ಧ್ವನಿ ಒಡೆಯತೊಡಗಿದ್ದು. ಮೊದಮೊದಲು ಮೆಣಸಿನ ಕಷಾಯ, ಆಮೇಲೆ ಅತಿಮಧುರ, ಆಮೇಲೆ ಮೌನ, ಹೀಗೆ ಕೆಲವು ತಿಂಗಳುಗಳು ಕಳೆದವು. ಹೂವು ತಂದುಕೊಡುವ ಮುದುಕಿಯೊಬ್ಬಳು ಒಂದು ಬೆಳಿಗ್ಗೆ, “ಸ್ವಾಮ್ಯೋರೆ, ಮೈಕಾದ್ರೂ ಹಾಕ್ಕಳಿ. ನಂಗಿರ್ಲಿ, ಒಳಗೆ ನಿಂತವ್ನಿಗೂ ಕೇಳಿಸ್ತಿಲ್ಲ,” ಎಂದಳು. ಪಕ್ಕದ ಮನೆಯಲ್ಲಿಯೇ ಇದ್ದು ಪೂಜೆಯಲ್ಲಿ ನನಗೆ ಜೊತೆಯಾಗಿರುವ ಮೈದುನ, ಎಂದರೆ ನನ್ನ ಹೆಂಡತಿಯ ತಮ್ಮ, ಅಂದೇ ನನ್ನನ್ನು ಹೊಸೂರಿಗೆ ಕರೆದುಕೊಂಡು ಹೋದ.

ರೋಗದ ಹೆಸರು ತಿಳಿದ ಮೇಲೆ ಎರಡು ದಾರಿಗಳಿದ್ದವು. ಒಂದು, ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದು, ಶ್ವಾಸನಾಳದ ಬಾಯಿಯನ್ನು ಕತ್ತಿನ ಮುಂಭಾಗದ ಚರ್ಮಕ್ಕೆ ಹೊಲಿಯುವುದು. ಆಮೇಲೆ ಆಯುಷ್ಯ ಇರುವವರೆಗೂ ಆ ರಂಧ್ರದಿಂದಲೇ ಉಸಿರಾಟ. ಊಟದ ದಾರಿಗೂ ಉಸಿರಿನ ದಾರಿಗೂ ಸಂಬಂಧವೇ ಉಳಿಯುವುದಿಲ್ಲವಾದ್ದರಿಂದ ಅನ್ನ ನೀರುಗಳು ನಿರ್ಭಯವಾಗಿ ಹೊಟ್ಟೆಗೆ ಹೋಗುತ್ತವೆ. ಇನ್ನೊಂದು, ಪೆಟ್ಟಿಗೆಯ ಮೇಲ್ಭಾಗವನ್ನೂ ಅದರೊಳಗಿನ ಸ್ವರತಂತುಗಳನ್ನೂ ತೆಗೆದು, ಕೆಳಗೆ ಉಳಿಯುವ ಮೃದುವಾದ ಎಲುಬಿನ ಉಂಗುರವನ್ನು ಮೇಲಕ್ಕೆಳೆದು ನಾಲಿಗೆಯ ಬುಡದ ಮೂಳೆಗೆ ಸೇರಿಸಿ ಹೊಲಿಯುವುದು. ಎಂದರೆ ಉಳಿದದ್ದರಿಂದಲೇ ಪೆಟ್ಟಿಗೆಯನ್ನು ಮತ್ತೆ ಕಟ್ಟುವುದು. ಕಟ್ಟಿದ್ದು ಬಾಗಿಲಿನ ಕೆಲಸವನ್ನು ಕಲಿತರೆ, ಕತ್ತಿನಲ್ಲಿ ತಾತ್ಕಾಲಿಕವಾಗಿ ಮಾಡಿದ ರಂಧ್ರ ಮುಚ್ಚಿಹೋಗಿ ಉಸಿರು ಮೂಗಿಗೆ ಮರಳುತ್ತದೆ. ಒರಟಾದ ಒಂದು ಧ್ವನಿಯೂ ಸಿಗುತ್ತದೆ. ಕಲಿಯದೆ ಹೋದರೆ ನುಂಗಿದ್ದೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗ ಕಟ್ಟಿದ್ದನ್ನೂ ತೆಗೆದು ಮೊದಲಿನ ದಾರಿಗೇ ಹಿಂದಿರುಗಬೇಕು.

“ಪೂರ್ತಿ ತೆಗೆದರೆ ಪ್ರಾಣಾಯಾಮ?” ಎಂದು ನಾನು ಕೇಳಿದೆ.

“ಮೂಗು ಹಿಡ್ಕೋಬಹುದು ಸ್ವಾಮಿ. ಉಸಿರು ಮಾತ್ರ ಕತ್ತಲ್ಲಿ ತನ್ನ ಪಾಡಿಗೆ ತಾನು ಆಡ್ತಿರುತ್ತೆ.”

ಕಟ್ಟಿಸಿಕೊಳ್ಳುತ್ತೇನೆಂದು ಹೇಳಿದೆ. ನನ್ನ ವಯಸ್ಸಿನವರಿಗೆ ಅದನ್ನು ಮಾಡಲು ಅವರು ಸಾಮಾನ್ಯವಾಗಿ ಒಪ್ಪುವುದಿಲ್ಲವಂತೆ. ಆಸ್ಪತ್ರೆಯ ಮೆಟ್ಟಿಲುಗಳನ್ನು ನಿಲ್ಲದೆ ಹತ್ತಿಸಿ, ಮೇಲೆ ನಿಂತು ನನ್ನ ಉಸಿರನ್ನು ನೋಡಿ, ಆಗಲಿ ಎಂದರು.

ಶಸ್ತ್ರಚಿಕಿತ್ಸೆಯ ಅನಂತರದ ದಿನಗಳನ್ನು ನೆನೆದರೆ ನೋವು ನೆನಪಿಗೆ ಬರುವುದಿಲ್ಲ. ಗದ್ದದ ಕೆಳಗಿನಿಂದ ಎದೆಯ ಮೇಲಿನವರೆಗೆ ಚರ್ಮಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಹೆಂಡತಿ ಒದ್ದೆ ಬಟ್ಟೆಯಿಂದ ಕತ್ತಿನ ಪಕ್ಕವನ್ನು ಒರಸುವಾಗ ಕಣ್ಣಿನಿಂದ ನೋಡಿಯೇ ಅದನ್ನು ತಿಳಿಯಬೇಕಾಗಿತ್ತು. ಮೂಗಿನಲ್ಲಿ ಒಂದು ಕೊಳವೆ, ಅದರ ಮೂಲಕ ಹಾಲು, ಗಂಜಿ. ಕತ್ತಿನ ರಂಧ್ರದಲ್ಲಿ ಇನ್ನೊಂದು ಕೊಳವೆ, ಅದರ ಮೂಲಕ ಉಸಿರು. ಮಾತಿಗೆ ಒಂದು ಸ್ಲೇಟು ಕೊಟ್ಟಿದ್ದರು. ಮೊದಲ ಬಾರಿಗೆ ಎದ್ದು ಕುಳಿತ ಬೆಳಿಗ್ಗೆ, ಅಭ್ಯಾಸಬಲದಿಂದ ಬೆರಳುಗಳು ಮೂಗಿಗೆ ಹೋದವು. ಎರಡು ಹೊಳ್ಳೆಗಳನ್ನೂ ಹಿಡಿದು ಕುಳಿತೆ. ವೈದ್ಯರು ಹೇಳಿದ್ದಂತೆಯೇ ಆಯಿತು. ಉಸಿರು ನಿಲ್ಲಲಿಲ್ಲ. ಗಂಟಲ ಗುಂಡಿಯಲ್ಲಿ ಗಾಳಿ ಬಂದು ಹೋಗುತ್ತಿತ್ತು. ನಾನು ಕೈ ಕೆಳಗಿಟ್ಟೆ. ದುಃಖವಾಯಿತೆಂದು ಬರೆದರೆ ಸುಳ್ಳಾದೀತು. ಇನ್ನೊಬ್ಬರ ಮನೆಯಲ್ಲಿ ದೀಪ ಆರಿದ್ದನ್ನು ರಸ್ತೆಯಿಂದ ನೋಡಿದಂತೆ ಇತ್ತು.

ಎದುರಿನ ಮಂಚದಲ್ಲಿ ಸೂಳಗಿರಿಯ ಕಡೆಯ ಟೊಮ್ಯಾಟೊ ಬೆಳೆಗಾರರೊಬ್ಬರಿದ್ದರು. ಅವರ ಪೆಟ್ಟಿಗೆಯನ್ನು ಹಿಂದಿನ ವರ್ಷವೇ ಪೂರ್ತಿಯಾಗಿ ತೆಗೆದಿದ್ದರು. ಅವರ ರಂಧ್ರ ಕಿರಿದಾಗುತ್ತಿದೆಯೆಂದು ಈಗ ಅದನ್ನು ಅಗಲ ಮಾಡಿಸಲು ಬಂದಿದ್ದರು. ಒಳಗೆ ಕೂರಿಸಿದ ಸಣ್ಣದೊಂದು ಸಾಧನದಿಂದಾಗಿ, ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡರೆ ಅವರಿಗೆ ಮಾತು ಬರುತ್ತಿತ್ತು. ಬೆರಳು ತೆಗೆದರೆ ನಿಂತುಹೋಗುತ್ತಿತ್ತು.

“ಮದ್ವೆ ಆದಾಗ್ನಿಂದ ಇವ್ರ ಬಾಯಿ ಮುಚ್ಸಕ್ಕೆ ಆಗಿರ್ಲಿಲ್ಲ ಅಮ್ನೋರೆ,” ಎಂದು ಅವರ ಹೆಂಡತಿ ನನ್ನ ಹೆಂಡತಿಗೆ ಹೇಳುತ್ತಿದ್ದಳು. “ಈಗ ಕೈ ಹಿಡ್ಕಂಡ್ರೆ ಸಾಕು, ಗಪ್‌ಚಿಪ್ಪು.”

ಅವರು ಹೆಬ್ಬೆರಳನ್ನು ಕತ್ತಿಗಿಟ್ಟು, “ಎಡಗೈನೂ ಅದೆ ಕಣೇ ನಂಗೆ,” ಎಂದರು.

ಅವರು ನೀರು ಕುಡಿಯುವುದನ್ನು ನಾನು ಬಹಳ ಹೊತ್ತು ನೋಡುತ್ತಿದ್ದೆ. ಚೊಂಬನ್ನು ಎತ್ತಿ ಗಟಗಟನೆ ಕುಡಿಯುತ್ತಿದ್ದರು. ಅವರ ಗಂಟಲಿನಲ್ಲಿ ಬಾಗಿಲೂ ಇಲ್ಲ, ಬಾಗಿಲಿನ ಭಯವೂ ಇಲ್ಲ.

ನನ್ನ ಮಂಚದ ತಲೆಯ ಕಡೆ, ಬಾಯಿಗೆ ಏನನ್ನೂ ಕೊಡಬಾರದೆಂದು ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದು ತೂಗುಹಾಕಿದ್ದರು. ಅದನ್ನು ನನ್ನ ಹೆಂಡತಿ ವ್ರತದಂತೆ ಕಾಯುತ್ತಿದ್ದಳು. ಬೆಳೆಗಾರರ ಹೆಂಡತಿ ಒಮ್ಮೆ ಎಳನೀರು ತಂದು, “ತುಟಿ ಒಣಗೋಗವೆ, ಒಂದೀಟು ಒದ್ದೆ ಮಾಡಿ,” ಎಂದಾಗ, “ಉಹುಂ, ಬೇಡಮ್ಮ. ಒಂದು ಹನಿ ನೀರೂ ಕೂಡದು ಅಂದಿದ್ದಾರೆ,” ಎಂದು ಲೋಟವನ್ನು ಅಷ್ಟು ದೂರ ಸರಿಸಿದಳು. ನನ್ನ ತುಟಿಗೆ ಅವಳು ಹಚ್ಚುತ್ತಿದ್ದುದು ಒಂದಿಷ್ಟು ತುಪ್ಪ. ಅದನ್ನೂ ಕೇಳಿಕೊಂಡೇ ಹಚ್ಚುತ್ತಿದ್ದಳು. ನುಂಗುವುದನ್ನು ಕಲಿಸಲು ಬರುತ್ತಿದ್ದ ತರಬೇತಿಯ ಹುಡುಗಿ, ಕೃಷ್ಣಗಿರಿಯವಳು, ದಿನವೂ ಬಂದು ಕೇಳುವ ಮೊದಲ ಪ್ರಶ್ನೆಯೇ ಅದು: “ಬಾಯಿಗೆ ಏನಾದ್ರೂ ಕೊಟ್ರಾ ಮಾಮಿ?” ದಿನವೂ ನನ್ನ ಹೆಂಡತಿ, ಪರೀಕ್ಷೆಯಲ್ಲಿ ಸರಿಯುತ್ತರ ಬಲ್ಲವಳ ಹಾಗೆ, “ಏನೂ ಇಲ್ಲಮ್ಮ,” ಎನ್ನುತ್ತಿದ್ದಳು.

ದ್ವಾದಶಿಯ ದಿನ ಮೈದುನ ಬಂದ. ನನ್ನ ಆರೋಗ್ಯಕ್ಕಾಗಿ ಸಂಕಲ್ಪ ಮಾಡಿ ಸ್ವಾಮಿಗೆ ಅಭಿಷೇಕವನ್ನು ನಡೆಸಿ, ಉಪವಾಸದ ಪಾರಣೆಯನ್ನೂ ಮಾಡದೆ ಬಸ್ಸು ಹತ್ತಿದ್ದ. ಕೈಯಲ್ಲಿ ತಾಮ್ರದ ಸಣ್ಣ ಗಿಂಡಿ, ಅದರ ಬಾಯಿಗೆ ಬಾಳೆಯೆಲೆ, ಎಲೆಯ ಮೇಲೆ ಪೂಜೆಯ ಚಮಚ, ಉದ್ಧರಣೆ.

“ಕೆಳಗಿಡಬಾರದಲ್ಲ ಅಂತ ತೊಡೆ ಮೇಲೇ ಇಟ್ಕೊಂಡು ಬಂದೆ ಅಕ್ಕಾ,” ಎಂದ. “ಕಂಡಕ್ಟರು, ‘ಎನ್ನ ಸಾಮಿ, ನೆಯ್ಯಾ?’ ಅಂದ.”

“ತುಪ್ಪ ಅಂದ್ಕೊಂಡನೇನೋ. ನೀನೇನಂದೆ?”

“ತೀರ್ಥ ಅಂದೆ. ಚೀಲ ಪಕ್ಕಕ್ಕೆ ಸರಿಸಿ ಕೈ ಒಡ್ಡೇಬಿಟ್ಟ. ಕೊಟ್ಟೆ.”

“ಡ್ರೈವರಿಗೆ?”

“ಅವನು ಸ್ಟೇರಿಂಗ್ ಹಿಡ್ಕೊಂಡಿದ್ದ. ಇಳಿಯುವಾಗ ಕೊಟ್ಟೆ.”

ನನ್ನ ಬಲಗೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು. ಕೈ ಒಡ್ಡಲಾರದೆ ನಾನು ಬಾಯಿ ತೆರೆದೆ. ಹೆಂಡತಿ ನನ್ನ ತಲೆಯ ಹಿಂದೆ ಕೈ ಕೊಟ್ಟು ಎತ್ತಿ ಹಿಡಿದಳು. ತೀರ್ಥವನ್ನು ಕೊಡುವಾಗ ಹೇಳುವ ಶ್ಲೋಕವನ್ನು, ಅಕಾಲಮರಣವನ್ನೂ ಸಕಲ ವ್ಯಾಧಿಗಳನ್ನೂ ಕಳೆಯುವುದೆಂದು ಪಾದೋದಕವನ್ನು ಸ್ತುತಿಸುವ ಅದನ್ನು, ಮೈದುನ ಸ್ಪಷ್ಟವಾಗಿ ಹೇಳಿದ. ಒಂದು ಉದ್ಧರಣೆ. ಪಚ್ಚಕರ್ಪೂರದ ತಂಪು ನಾಲಿಗೆಯ ಮೇಲೆ ಹರಡಿತು, ಹಿಂದಕ್ಕೆ ಸರಿಯಿತು. ಆಮೇಲೆ ಎಲ್ಲಿಗೆ ಹೋಯಿತೆಂದು ನನಗೆ ತಿಳಿಯಲಿಲ್ಲ. ಕೆಮ್ಮು ಕೂಡ ಬರಲಿಲ್ಲ. ಆ ಭಾಗಕ್ಕೆ ಅರಿವೇ ಇರಲಿಲ್ಲವೆಂಬುದನ್ನು ಆಮೇಲೆ ತಿಳಿದುಕೊಂಡೆವು. ಎದುರಿನ ಮಂಚದ ಗಂಡಹೆಂಡಿರೂ ಭಕ್ತಿಯಿಂದ ತೀರ್ಥ ತೆಗೆದುಕೊಂಡರು. ಬೆಳೆಗಾರರು ಉಳಿದ ತೇವವನ್ನು ತಲೆಗೆ ಸವರಿಕೊಂಡರು.

ಮರುದಿನ ಜ್ವರ ಬಂತು. ಕತ್ತಿನ ಕೊಳವೆಯಿಂದ ಹಳದಿಯಾದ ಕಫ ಬರತೊಡಗಿತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ತಳಭಾಗ ಬೆಳ್ಳಗೆ ಕಂಡಿತು. ಶಸ್ತ್ರವೈದ್ಯರು ಬಂದು, ತರಬೇತಿಯ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನನ್ನ ಹೆಂಡತಿಯನ್ನು ಕೇಳಿದರು.

“ಬಾಯಿಗೆ ಏನಾದ್ರೂ ಹೋಗಿದೆಯಾ? ಬಯ್ಯಲ್ಲ, ನಿಜ ಹೇಳಿ. ಹಣ್ಣು, ಕಾಫಿ, ನೀರು?”

“ದೇವರಾಣೆ ಇಲ್ಲ ಡಾಕ್ಟ್ರೇ. ಒಂದು ತೊಟ್ಟು ನೀರೂ ಇಲ್ಲ.”

ಅವರು ನನ್ನ ಕಡೆ ತಿರುಗಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ನಮ್ಮಿಬ್ಬರಲ್ಲಿ ಯಾರೂ ಏನನ್ನೂ ಮುಚ್ಚಿಡುತ್ತಿರಲಿಲ್ಲ.

“ಹಾಗಾದ್ರೆ ಇವರ ಉಗುಳೇ ಒಳಗೆ ಇಳೀತಿದೆ,” ಎಂದರು. ಅವರ ಧ್ವನಿ ತಗ್ಗಿತ್ತು. “ಏನೂ ಕೊಡದೇ ಇದ್ರೂ ಹೀಗಾಗಿದೆ ಅಂದ್ರೆ ಬಾಗಿಲು ಮುಚ್ತಾನೇ ಇಲ್ಲ ಅಂತ ಅರ್ಥ. ಉಗುಳು ನುಂಗೋದನ್ನ ಯಾರು ನಿಲ್ಲಿಸೋಕಾಗುತ್ತೆ? ಇನ್ನೊಂದು ಸಲ ಹೀಗಾದ್ರೆ ಈ ವಯಸ್ಸಿಗೆ ಜೀವಕ್ಕೇ ಬರುತ್ತೆ. ಜ್ವರ ಇಳಿಯಲಿ. ಇಳಿದ ಮೇಲೆ ಕಟ್ಟಿದ್ದನ್ನ ತೆಗೆದುಬಿಡೋಣ.”

ಹೆಂಡತಿ ನನ್ನ ಪಾದದ ಬಳಿ ಕುಳಿತುಕೊಂಡಳು. ಬೆಳೆಗಾರರು ಹೆಬ್ಬೆರಳನ್ನು ಕತ್ತಿಗೊತ್ತಿ, “ಬನ್ನಿ ಸ್ವಾಮ್ಯೋರೆ ನಮ್ ಕಡೀಕೆ. ನೀರಾದ್ರೂ ನೆಮ್ಮದಿಯಾಗಿ ಕುಡೀಬೋದು,” ಎಂದರು.

“ಸುಮ್ಕಿರಿ ಅತ್ಲಾಗೆ,” ಎಂದು ಅವರ ಹೆಂಡತಿ ಬೆರಳನ್ನು ಎಳೆದಳು. “ಜೊತೆಗೆ ಜನ ಸೇರಿಸ್ತವ್ರೆ, ಚೀಟಿ ಹಾಕ್ದಂಗೆ.”

ಆ ಜ್ವರದ ದಿನಗಳಲ್ಲಿ ನಾನು ಪ್ರಾರ್ಥಿಸಿದೆನೆಂದು ಹೇಳಲಾರೆ. ಯೋಚನೆಗಳು ಬಂದವು, ಅವೆಲ್ಲ ವ್ಯವಸ್ಥೆಯ ಯೋಚನೆಗಳು. ಕತ್ತಿನಲ್ಲಿ ರಂಧ್ರವಿರುವವನು ಗರ್ಭಗುಡಿಯೊಳಗೆ ನಿಂತು ಅರ್ಚಿಸಬಹುದೇ ಎಂಬುದಕ್ಕೆ ಓದಿದ್ದ ಆಗಮದಲ್ಲಿ ಉತ್ತರವನ್ನು ಹುಡುಕಿದೆ. ಅಂಗಲೋಪದ ಮಾತು ಬರುವಲ್ಲೆಲ್ಲ ಕಣ್ಣು, ಕೈ, ಕಾಲುಗಳ ಪ್ರಸ್ತಾಪವಿತ್ತು, ಇದರ ಪ್ರಸ್ತಾಪವಿರಲಿಲ್ಲ. ಹೆಬ್ಬೆರಳಿನಿಂದ ಕತ್ತನ್ನು ಮುಚ್ಚಿಕೊಂಡು ಮಂತ್ರ ಹೇಳಿದರೆ ಒಂದೇ ಕೈಯಿಂದ ಗಂಟೆಯನ್ನೂ ಆರತಿಯನ್ನೂ ಹಿಡಿಯುವುದು ಹೇಗೆ ಎಂದೂ ಯೋಚಿಸಿದೆ. ಪೂಜೆಯ ಪೂರ್ಣಭಾರ ಮೈದುನನ ಮೇಲೆ ಬೀಳುತ್ತದೆ, ಅವನ ಮಂಡಿಗಳು ಚೆನ್ನಾಗಿಲ್ಲ ಎಂದುಕೊಂಡೆ. ಈ ಯೋಚನೆಗಳಲ್ಲಿ ಯಾವುದಕ್ಕೂ ಬಿಸಿಯಿರಲಿಲ್ಲ.

ಜ್ವರ ಇಳಿಯಿತು. ಶಸ್ತ್ರಚಿಕಿತ್ಸೆಯ ಕೊಠಡಿಯನ್ನು ಮಾರನೆಯ ದಿನಕ್ಕೆ ಹೇಳಿಯಾಗಿತ್ತು. ತರಬೇತಿಯ ಹುಡುಗಿ ಎಂದಿನಂತೆ ಬಂದು, ನನ್ನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ಬೆನ್ನನ್ನು ಬೊಗಸೆಗೈಯಿಂದ ತಟ್ಟುತ್ತ, “ಜೋರಾಗಿ ಕೆಮ್ಮಿ ಸಾಮಿ, ಇನ್ನೂ ಜೋರಾಗಿ,” ಎಂದಳು. ಕೆಮ್ಮಿದೆ. ಕತ್ತಿನ ಕೊಳವೆಯಿಂದ ಕಫ ಹಾರಿ ಅವಳು ಹಿಡಿದಿದ್ದ ಬಿಳಿಯ ಬಟ್ಟೆಯ ಮೇಲೆ ಬಿತ್ತು. ಅವಳು ಅದನ್ನು ಮಡಿಸಹೋದವಳು ನಿಲ್ಲಿಸಿ, ಕಿಟಕಿಯ ಬೆಳಕಿಗೆ ಹಿಡಿದಳು.

“ಇದೇನಿದು ಮಾಮಿ, ಎಲೆ ಥರ ಇದೆ?”

ಹೆಂಡತಿ ಬಗ್ಗಿ ನೋಡಿದಳು. ನೋಡಿದವಳೇ ಎರಡು ಬೆರಳಿನಿಂದ ಅದನ್ನು ತೆಗೆದು ಕಣ್ಣಿಗೊತ್ತಿಕೊಂಡಳು. ಕಫ ಅಂಟಿದ್ದನ್ನು ಅವಳು ಗಮನಿಸಲಿಲ್ಲ.

“ತುಳಸಿಯಮ್ಮ. ಸ್ವಾಮಿಯ ತುಳಸಿ.”

“ತುಳಸಿ ಇವರ ಎದೆಯೊಳಗೆ ಹೇಗೆ ಹೋಯ್ತು?”

“ತೀರ್ಥದಲ್ಲಿ ಇತ್ತಲ್ಲ.”

ಹುಡುಗಿ ಬೆನ್ನು ತಟ್ಟುತ್ತಿದ್ದ ಕೈಯನ್ನು ತೆಗೆದಳು. “ಮಾಮಿ, ಏನೂ ಕೊಟ್ಟಿಲ್ಲ ಅಂದ್ರಿ. ನಾನು ಕೇಳ್ದೆ. ಡಾಕ್ಟ್ರೂ ಕೇಳಿದ್ರು.”

“ಏನೂ ಕೊಟ್ಟಿಲ್ಲ ಕಣಮ್ಮ, ನಿಜವಾಗ್ಲೂ. ಇದು ತೀರ್ಥ.”

“ತೀರ್ಥ ಅಂದ್ರೆ ನೀರು ತಾನೆ ಮಾಮಿ?”

ಹೆಂಡತಿ ನನ್ನ ಮುಖವನ್ನು ನೋಡಿದಳು. ನಾನು ಅವಳ ಮುಖವನ್ನು ನೋಡಿದೆ. ಹುಡುಗಿ ನಮ್ಮಿಬ್ಬರನ್ನೂ ನೋಡಿ, ಅವಳ ಬೆರಳಿನಿಂದ ಆ ದಳವನ್ನು ಬಟ್ಟೆಗೆ ತೆಗೆದುಕೊಂಡು, ನಡೆಯದೆ ಓಡಿದಳು.

ಶಸ್ತ್ರವೈದ್ಯರು ಬಂದು ಮಂಚದ ಪಕ್ಕದಲ್ಲಿ ನಿಂತರು. “ನಾನು ಕೇಳಿದಾಗ ಇಲ್ಲ ಅಂತ ತಲೆ ಆಡಿಸಿದ್ರಲ್ಲ, ಸ್ವಾಮಿ?”

ನಾನು ಸ್ಲೇಟಿನ ಮೇಲೆ ಬರೆದೆ: ನೀರೆಂದು ತೋರಲಿಲ್ಲ.

ಅವರು ಓದಿದರು. “ನಿಮಗೆ ತೋರಲಿಲ್ಲ. ಶ್ವಾಸಕೋಶಕ್ಕೆ ತೋರಿತು,” ಎಂದರು. ಆಮೇಲೆ ಸ್ಟೂಲನ್ನು ಎಳೆದುಕೊಂಡು ಕುಳಿತು, ಎಷ್ಟು ಕೊಟ್ಟರು, ಯಾವ ದಿನ, ತಲೆ ಹಿಂದಕ್ಕೆ ಬಾಗಿತ್ತೇ ಮುಂದಕ್ಕೆ ಬಾಗಿತ್ತೇ ಎಂದೆಲ್ಲ ಕೇಳಿ ತಿಳಿದುಕೊಂಡರು. ಏಳುವಾಗ, “ಉಗುಳು ಇಳೀತಾ ಇಲ್ಲ ಅಂತಾದ್ರೆ ತೆಗೆಯೋ ಕಾರಣ ಇಲ್ಲ. ನಾಳೆ ಬೇಡ. ನೋಡೋಣ. ಆದ್ರೆ ಇದು ಕೊನೆಯ ಸಲ,” ಎಂದರು. ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ಹೊರಗೆ ಹೋದಳು.

ಈ ಸಂಗತಿಯನ್ನು ಕೇಳಿದ ಕೆಲವರು ನಕ್ಕಿದ್ದಾರೆ, ಕೆಲವರು ನಮ್ಮ ಓದಿನ ಬಗ್ಗೆ ಮಾತನಾಡಿದ್ದಾರೆ. ಶಾಸ್ತ್ರ ರೋಗಿಯನ್ನು ಬಲವಂತಪಡಿಸುವುದಿಲ್ಲ. ನೀರನ್ನು ಆಚಮನ ಮಾಡಲಾರದವನು ಬಲಗಿವಿಯನ್ನು ಮುಟ್ಟಿಕೊಂಡರೆ ಸಾಕು, ಅದೇ ಆಚಮನವಾಗುತ್ತದೆ. ಇದನ್ನು ನಾನು ಬಲ್ಲೆ. ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಂಡರೂ ಸಾಕೆಂಬುದನ್ನು ಬಲ್ಲೆ. ಆದರೆ ಈ ಪರಿಹಾರಗಳು ಬೇಕಾಗುವುದು, ಕುಡಿಯಲೋ ಬೇಡವೋ ಎಂಬ ಪ್ರಶ್ನೆ ಹುಟ್ಟಿದವನಿಗೆ. ಉದ್ಧರಣೆ ತುಟಿಯ ಬಳಿ ಬಂದಾಗ ನನ್ನಲ್ಲಿ ಪ್ರಶ್ನೆಯೇ ಹುಟ್ಟಲಿಲ್ಲ. ಬಾವಿಯಿಂದ ಸೇದಿದಾಗ ಅದು ನೀರು. ಸ್ವಾಮಿಯ ಪಾದವನ್ನು ಮುಟ್ಟಿ ಬಂದ ಮೇಲೆ ಅದನ್ನು ಯಾರೂ ನೀರಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಉಪವಾಸವಿರುವವರೂ ಅದನ್ನು ತೆಗೆದುಕೊಳ್ಳುತ್ತಾರೆ, ಉಪವಾಸ ಕೆಡುವುದಿಲ್ಲ. ಆ ಶ್ಲೋಕ ಸುಳ್ಳಾಯಿತೇ ಎಂದು ಒಬ್ಬರು ನನ್ನನ್ನು ಕೇಳಿದರು. ಆ ದಳ ಹೊರಗೆ ಬಾರದೆ ಹೋಗಿದ್ದರೆ ಮರುದಿನ ನನ್ನ ಪೆಟ್ಟಿಗೆ ಹೋಗುತ್ತಿತ್ತು. ಆ ತೀರ್ಥ ಒಳಗೆ ಹೋಗದೆ ಇದ್ದಿದ್ದರೆ ದಳ ಹೊರಗೆ ಬರಬೇಕಾದ ಅಗತ್ಯವೂ ಇರುತ್ತಿರಲಿಲ್ಲ. ಇವೆರಡನ್ನೂ ನಾನು ಪಕ್ಕಪಕ್ಕದಲ್ಲಿ ಇಟ್ಟಿದ್ದೇನೆ. ಸೇರಿಸಿ ನೋಡುವ ಶಕ್ತಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೈದುನನಿಗೆ ಹೆಂಡತಿಯೇ ಫೋನಿನಲ್ಲಿ ತಿಳಿಸಿದಳು. ಅಂದಿನಿಂದ ಅವನು ಒಳಗೆ ಬರುವುದನ್ನು ನಿಲ್ಲಿಸಿದ. ಅಕ್ಕನಿಗೆ ಊಟ ತರುತ್ತಿದ್ದ. ಬುತ್ತಿಯನ್ನು ಕೆಳಗೆ ಬಾಗಿಲ ಬಳಿ ಬೆಳೆಗಾರರ ಹೆಂಡತಿಯ ಕೈಗೆ ಕೊಟ್ಟು, ರಸ್ತೆಯಾಚೆಯ ಟೀ ಅಂಗಡಿಯ ಮುಂದೆ ನಿಲ್ಲುತ್ತಿದ್ದ. ತೊಳೆದ ಪಾತ್ರೆ ತನ್ನ ಕೈಗೆ ಬಂದ ಮೇಲೆ ಹೊರಡುತ್ತಿದ್ದ.

“ನಿಮ್ ತಮ್ಮ ಟೀನೂ ಕುಡಿಯಲ್ಲ, ಕುಂತ್ಕಳದೂ ಇಲ್ಲ ಅಮ್ನೋರೆ,” ಎಂದು ಆಕೆ ವರದಿ ತರುತ್ತಿದ್ದಳು. “ಅಂಗಡಿಯವ್ನು ಇವ್ರ್ಯಾರೋ ಟ್ಯಾಕ್ಸ್ ಆಫೀಸ್ನೋರು ಅಂದ್ಕಂಡು ಎದ್ದು ನಿಂತವ್ನೆ.”

ದೇವಸ್ಥಾನದಲ್ಲಿ ತೀರ್ಥ ಕೊಡುವ ಮುಂಚೆ ಅವನು ಒಬ್ಬೊಬ್ಬರನ್ನೂ, ಡಾಕ್ಟರು ಏನಾದರೂ ಬೇಡವೆಂದಿದ್ದಾರೆಯೇ ಎಂದು ವಿಚಾರಿಸತೊಡಗಿದ್ದಾನೆಂದೂ ಸುದ್ದಿ ಬಂತು. ಹೂವಿನ ಮುದುಕಿ, “ನಂಗೆ ಮಂಡಿನೋವು ಕಣ್ ಸ್ವಾಮಿ. ಮಂಡೀಗೂ ತೀರ್ಥಕ್ಕೂ ಏನ್ ಸಂಬಂಧ, ಹಾಕಿ ಕೈಗೆ,” ಎಂದು ಗದರಿದಳಂತೆ.

ನುಂಗುವ ಪಾಠ ಆರಂಭವಾಯಿತು. ನೀರಿನಿಂದ ಅಲ್ಲ. ನೀರು ಎಲ್ಲಕ್ಕಿಂತ ಕಷ್ಟದ್ದು, ಅದು ಕೊನೆಗೆ ಎಂದು ತರಬೇತಿಯ ಹುಡುಗಿ ಹೇಳಿದಳು. ತಿಳಿಯಾದದ್ದು ಓಡಿಹೋಗಿ ಬಾಗಿಲಿಗೆ ನುಗ್ಗುತ್ತದೆ. ಮಂದವಾದದ್ದು ನಿಧಾನವಾಗಿ ಹೋಗುತ್ತದೆ. ಗಟ್ಟಿಮೊಸರು, ಹಿಸುಕಿದ ಬಾಳೆಹಣ್ಣು, ಮುದ್ದೆಯಾಗುವ ಮುಂಚಿನ ರಾಗಿಯ ಅಂಬಲಿ. ಬೆಳೆಗಾರರ ಹೆಂಡತಿ, “ಅಂಬ್ಲಿ ಯಾಕವ್ವ, ಮುದ್ದೇನೇ ಕೊಡು. ಅಗಿಯಂಗಿಲ್ಲ, ತಾನಾಗೇ ಜಾರ್ಕಂಡು ಹೋಯ್ತದೆ,” ಎಂದು ಸಲಹೆ ಕೊಟ್ಟಾಗ, ಹುಡುಗಿ ನಕ್ಕು, “ಅಜ್ಜಿ, ಅದಕ್ಕೆ ಇನ್ನೂ ಸ್ವಲ್ಪ ದಿನ ಇರಲಿ,” ಎಂದಳು.

“ಗದ್ದ ಎದೆ ಕಡೆ ಬಗ್ಗಿಸಿ ಸಾಮಿ. ಉಸಿರು ತಗೊಳಿ. ಹಿಡೀರಿ. ಹಿಡ್ಕೊಂಡೇ ನುಂಗಿ. ಈಗ ಕೆಮ್ಮಿ. ಮತ್ತೆ ನುಂಗಿ. ಈಗ ಉಸಿರು ಬಿಡಿ.”

ಉಸಿರನ್ನು ಹಿಡಿಯುವುದು ನನಗೆ ಹೊಸದಲ್ಲ. ಆದರೆ ಬೆರಳಿನ ಸಹಾಯವಿಲ್ಲದೆ, ಕತ್ತಿನಲ್ಲಿ ತೆರೆದ ಬಾಯಿಯಿರುವಾಗ, ಗಂಟಲಿನ ಯಾವುದೋ ಕಾಣದ ಅಂಚನ್ನು ಒತ್ತಿ ಹಿಡಿಯಬೇಕಾಗಿತ್ತು. ಅಲ್ಲಿ ಏನಾಗುತ್ತಿದೆಯೆಂದು ನನಗೆ ತಿಳಿಯುತ್ತಿರಲಿಲ್ಲ. ಮುಚ್ಚಿತೆಂದುಕೊಂಡಾಗ ಮುಚ್ಚಿರುತ್ತಿರಲಿಲ್ಲ. ಮೊದಮೊದಲು ಮೊಸರು ಕತ್ತಿನಿಂದ ಹೊರಬಂತು. ಹುಡುಗಿ ಒರಸಿ, “ಪರವಾಗಿಲ್ಲ, ಇನ್ನೊಂದು ಸಲ,” ಎನ್ನುತ್ತಿದ್ದಳು. ನಾನು ಹಠದಿಂದ ಮಾಡಿದೆನೆಂದಾಗಲಿ, ಆಸೆಯಿಂದ ಮಾಡಿದೆನೆಂದಾಗಲಿ ಹೇಳಲಾರೆ. ಪಾಠಶಾಲೆಯಲ್ಲಿ ಅರ್ಥ ತಿಳಿಯುವ ಮುಂಚೆ ಕಂಠಪಾಠ ಮಾಡುತ್ತಿದ್ದೆವಲ್ಲ, ಹಾಗೆ ಮಾಡಿದೆ. ಹೆಂಡತಿ ಪ್ರತಿಯೊಂದು ತುತ್ತಿಗೂ ತಾನೇ ಉಸಿರು ಹಿಡಿದು ಕೂರುತ್ತಿದ್ದಳು.

ತೀರ್ಮಾನದ ಪರೀಕ್ಷೆಗೆ ಮೊಸರಿನಲ್ಲಿ ನೀಲಿಯ ಬಣ್ಣವನ್ನು ಕಲಸಿದ್ದರು. ನುಂಗಿದ ಮೇಲೆ ಕತ್ತಿನ ಕೊಳವೆಯಿಂದ ಎಳೆದು ತೆಗೆದ ಕಫದಲ್ಲಿ ನೀಲಿ ಕಂಡರೆ ಬಾಗಿಲು ಸೋರುತ್ತಿದೆಯೆಂದು ಅರ್ಥ. ಶಸ್ತ್ರವೈದ್ಯರೇ ಬಂದಿದ್ದರು. ನಾನು ಗದ್ದ ಬಗ್ಗಿಸಿದೆ, ಉಸಿರು ಹಿಡಿದೆ, ನುಂಗಿದೆ, ಕೆಮ್ಮಿದೆ, ನುಂಗಿದೆ. ಬೆಳೆಗಾರರ ಹೆಂಡತಿ ತನ್ನ ಗಂಡನ ಕೈಯನ್ನು ಹಿಡಿದುಕೊಂಡಿದ್ದಳು. ಹುಡುಗಿ ಕೊಳವೆಯಿಂದ ಎಳೆದು ಬಟ್ಟೆಯ ಮೇಲೆ ಇಟ್ಟಳು. ಬಿಳಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆದಳು. ಬಿಳಿಯೇ.

“ಉಳೀತು ಸ್ವಾಮಿ ನಿಮ್ಮ ಪೆಟ್ಟಿಗೆ,” ಎಂದರು ವೈದ್ಯರು.

ಹೆಂಡತಿ ಗೋಡೆಗೆ ಮುಖಮಾಡಿ ಅತ್ತಳು. ಅವಳ ಬೆನ್ನು ಅಲುಗುವುದನ್ನು ನೋಡುತ್ತ ಕುಳಿತಿದ್ದೆ. ನಾನೂ ಅಳಬೇಕಾದ ಹೊತ್ತು ಇದು ಎಂದು ಅನ್ನಿಸಿತೇ ಹೊರತು ಕಣ್ಣಿಗೆ ಏನೂ ಬರಲಿಲ್ಲ. ಹುಡುಗಿಯ ಕಡೆಗೆ ಕೈ ಮುಗಿದೆ. ಅವಳು, “ಅಯ್ಯೋ ಸಾಮಿ, ನೀವು ಮುಗೀಬಾರದು,” ಎಂದು ಹಿಂದೆ ಸರಿದಳು.

ಕೊಳವೆಯನ್ನು ತೆಗೆದು, ರಂಧ್ರದ ಮೇಲೆ ಪಟ್ಟಿಯನ್ನು ಒತ್ತಿ ಕಟ್ಟಿದರು. ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಮಾತನಾಡುವಾಗ ಮಾತ್ರ ಪಟ್ಟಿಯ ಮೇಲೆ ಬೆರಳು ಒತ್ತಿಕೊಳ್ಳಿ ಎಂದರು. ಮೂಗಿನಲ್ಲಿ ಗಾಳಿ ಆಡಿತು. ಆಸ್ಪತ್ರೆಯ ಫಿನಾಯಿಲಿನ ವಾಸನೆ ಅಷ್ಟು ದಿನಗಳ ಮೇಲೆ ಮೊದಲ ಸಲ ತಿಳಿಯಿತು. ಹುಡುಗಿ, “ಈಗ ಏನಾದ್ರೂ ಹೇಳಿ ಸಾಮಿ,” ಎಂದಳು. ಎಲ್ಲರೂ ಕಾದರು. ನಾನು ಸ್ವಾಮಿಯ ನಾಮವನ್ನು ಹೇಳುತ್ತೇನೆಂದುಕೊಂಡು ಹೆಂಡತಿ ಕೈ ಜೋಡಿಸಿ ನಿಂತಿದ್ದಳು. ನಾನೂ ಅದನ್ನೇ ಹೇಳಲು ಹೊರಟೆ. ಬಂದದ್ದು ಶಂಖ ಊದಲು ಬಾರದವನು ಊದಿದಾಗ ಬರುವ ಗಾಳಿ. ಇನ್ನೊಮ್ಮೆ ಪ್ರಯತ್ನಿಸಿದೆ, ಗಾಳಿಯ ಹಿಂದೆ ಒಂದು ಕರಕರ ಸದ್ದು ಸೇರಿಕೊಂಡಿತು. ಸಾಕು, ಆಮೇಲೆ ನೋಡೋಣ ಎಂದು ಹುಡುಗಿ ಬೆನ್ನು ಸವರಿದಳು.

ಮಧ್ಯಾಹ್ನದ ಬುತ್ತಿಯ ಹೊತ್ತಾಗಿತ್ತು. ಹೆಂಡತಿ ಕಿಟಕಿಯಿಂದ ನೋಡಿ ತಮ್ಮನಿಗೆ ಫೋನು ಮಾಡಿದಳು. “ಪೆಟ್ಟಿಗೆ ಉಳೀತಂತೆ ಕಣೋ. ಮೇಲೆ ಬಾ. ನಂಗೆ ಕೆಳಗೆ ಬರಕ್ಕಾಗಲ್ಲ, ಬಾ.” ಬಹಳ ಹೊತ್ತಿನ ಮೇಲೆ ಅವನು ಮೆಟ್ಟಿಲು ಹತ್ತಿ ಬಂದ. ಬಂದವನು ವಾರ್ಡಿನ ಹೊಸ್ತಿಲಿನಾಚೆ, ಗೋಡೆಗೆ ಒತ್ತಿಕೊಂಡು ನಿಂತ. ಅಕ್ಕ ಕರೆದಳು, ಅಲುಗಲಿಲ್ಲ. ಬೆಳೆಗಾರರು ಹೆಬ್ಬೆರಳಿಟ್ಟು, “ಬನ್ನಿ ಸ್ವಾಮಿ, ಕಚ್ಚಕ್ಕಿಲ್ಲ ನಾವು,” ಎಂದರು, ಅದಕ್ಕೂ ಅಲುಗಲಿಲ್ಲ. ಅವನ ಕಣ್ಣು ನೆಲದ ಮೇಲಿತ್ತು. ಬುತ್ತಿಯನ್ನು ಕೆಳಗೇ ಯಾರಿಗೋ ಕೊಟ್ಟು ಬಂದಿದ್ದ.

ಅವನ ಮೇಲೆ ನನಗೆ ಕೋಪವಿರಲಿಲ್ಲ. ಕ್ಷಮೆಯೆಂದು ಕರೆಯಬಹುದಾದ ಏನಾದರೂ ಇತ್ತೇ ಎಂದು ಹುಡುಕಿದರೆ ಅದೂ ಸಿಗುತ್ತಿರಲಿಲ್ಲ. ಅವನು ಹೊರಗೆ ನಿಂತಿದ್ದ, ಒಳಗೆ ಬರಬೇಕಾಗಿತ್ತು, ಅಷ್ಟೆ. ಪಟ್ಟಿಯ ಮೇಲೆ ಬೆರಳನ್ನು ಒತ್ತಿ, ಉಸಿರು ತೆಗೆದುಕೊಂಡು, ನಾಲಿಗೆಯ ಬುಡದಲ್ಲಿ ಉಳಿದಿದ್ದ ಆ ಉಂಗುರವನ್ನು ಹುಡುಗಿ ಕಲಿಸಿದಂತೆ ಬಿಗಿಹಿಡಿದು, ಗಾಳಿಯನ್ನು ನೂಕಿದೆ.

“ಒಳಗೆ ಬಾರಯ್ಯ.”

ಒಣಗಿದ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂತಿತ್ತು. ಆದರೂ ಮಾತಾಗಿತ್ತು. ಹೆಂಡತಿ ನನ್ನ ಕಡೆಗೆ ತಿರುಗಿದಳು.

ಅವನು ಹೊಸ್ತಿಲು ದಾಟಿದ. ನಿಧಾನವಾಗಿ ಬಂದು ಮಂಚದ ಕಾಲಿನ ಕಡೆ ನಿಂತು, ಎರಡು ಅಂಗೈಗಳನ್ನೂ ಬಿಡಿಸಿ ನನಗೆ ತೋರಿಸಿದ.

“ಏನೂ ತಂದಿಲ್ಲ ಭಾವ,” ಎಂದ.

ಕುಳಿತುಕೋ ಎಂದೆ. ಅಷ್ಟಕ್ಕೇ ನಡುವೆ ನಿಲ್ಲಿಸಿ ಮತ್ತೆ ಉಸಿರು ತೆಗೆದುಕೊಳ್ಳಬೇಕಾಯಿತು. ಮಾತು ಮುಗಿಯುವವರೆಗೂ ಅವನು ನಿಂತಿದ್ದು, ಆಮೇಲೆ ಕುಳಿತ.